ಕೈಅಂದಾಜಿನ ಮದ್ದು

ನನ್ನ ಮಗಳಿಗೆ ಸೊಕ್ಕು ಎಂದು ಮೊದಲು ಹೇಳಿದವರು ನನ್ನ ಅತ್ತೆ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆಯುವ ಉಡುಪಿ ಕಡೆಯ ಮಕ್ಕಳೆಲ್ಲ ಮಾಡುವುದನ್ನೇ ಅವಳೂ ಮಾಡುತ್ತಿದ್ದಳು. ಅಜ್ಜಿ ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ, ನಾನು ಕನ್ನಡದಲ್ಲಿ ಕರೆದರೆ ಮರಾಠಿಯಲ್ಲಿ "ಆಲೇ, ಆಲೇ". ಅದಕ್ಕೆ ನಾವು ಒಗ್ಗಿಹೋಗಿದ್ದೆವು. ಆದರೆ ಅವಳು ಐದನೇ ಕ್ಲಾಸಿಗೆ ಬಂದ ವರ್ಷ ಉತ್ತರವೇ ಬಾರದ ಹಾಗಾಯಿತು. ಅತ್ತೆ "ಒಣಸ್ ಆಂಡಾ?" ಎಂದು ಊಟದ ವಿಚಾರ ಕೇಳಿದರೆ ಹುಡುಗಿ ಅವರ ಮುಖವನ್ನೇ ನೋಡುತ್ತ ನಿಲ್ಲುವಳು. ಕಣ್ಣು ತೆರೆದೇ ಇರುತ್ತಿತ್ತು, ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಏನೂ ಆಗದವಳಂತೆ ಟಿವಿ ಕಡೆ ತಿರುಗುವಳು.

"ನಮ್ಮ ಭಾಷೆ ಅಂದ್ರೆ ಅವಳಿಗೆ ನಾಚಿಕೆ. ಕೇಳಿದ್ರೂ ಕೇಳದ ಹಾಗೆ ಮಾಡ್ತಾಳೆ," ಎಂದು ಅತ್ತೆ ತೀರ್ಪು ಕೊಟ್ಟರು. ನನ್ನ ಗಂಡ ಅದಕ್ಕೆ ಮೊಹರು ಒತ್ತಿದರು. ಮನೆಯೊಳಗೆ ಹಿಂದಿ ಬಂದ್ ಎಂಬ ಕಾನೂನು ಬಂತು. ಸಾಲದ್ದಕ್ಕೆ ಭಾನುವಾರದ ಕನ್ನಡ ಕ್ಲಾಸಿಗೆ ಸೇರಿಸಿದೆವು. ಅಲ್ಲಿನ ಮೇಷ್ಟ್ರು ಕೂಡ, "ಹುಡುಗಿ ಒಳ್ಳೆಯವಳೇ, ಗಮನ ಒಂದು ಇಲ್ಲ ನೋಡಿ," ಎಂದರು. ಈಗ ನೆನೆದರೂ ಮೈ ಉರಿಯುತ್ತದೆ. ಮಗುವಿನ ತಲೆಯೊಳಗೆ ಏನೋ ನಡೆಯುತ್ತಿದ್ದರೆ ಮನೆಮಂದಿಯೆಲ್ಲ ಸೇರಿ ಅವಳಿಗೆ ಕಾಗುಣಿತ ತಿದ್ದಿಸುತ್ತಿದ್ದೆವು.

ಒಂದು ಭಾನುವಾರ ಊಟಕ್ಕೆ ಕೂತಿದ್ದಾಗ ನನಗೆ ಅನುಮಾನ ಬಂತು. ಅವಳು ಮಜ್ಜಿಗೆಯ ಲೋಟ ಹಿಡಿದುಕೊಂಡು ಕಾನೂನು ಮರೆತು ತನ್ನ ಗೆಳತಿಯ ಬಗ್ಗೆ ಹಿಂದಿಯಲ್ಲಿ ಏನೋ ಬಡಬಡಿಸುತ್ತಿದ್ದಳು. ಮಾತು ಅರ್ಧಕ್ಕೆ ನಿಂತಿತು. ರೆಪ್ಪೆಗಳು ಸಣ್ಣಗೆ ಅದುರಿದವು. ಲೋಟ ವಾಲಿ ಮಜ್ಜಿಗೆ ಲಂಗದ ಮೇಲೆ ಸುರಿಯಿತು, ಅವಳು ಕೆಳಗೆ ನೋಡಲೂ ಇಲ್ಲ. ಆಮೇಲೆ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಆ ವಾಕ್ಯ ಮುಂದುವರಿಸಿದಳು, ನಡುವೆ ಒದ್ದೆ ಲಂಗ ಕಂಡು ಬೆಚ್ಚಿದಳು. ಅವಳು ನಿಂತದ್ದು ತನ್ನದೇ ಹಿಂದಿಯ ನಡುವೆ. ಹಾಗಾದರೆ ಹಿಂದಿಯ ಮೇಲೂ ಇವಳಿಗೆ ಸೊಕ್ಕೇ ಎಂದು ನಾನು ಗಂಡನನ್ನು ಕೇಳಿದೆ. ಅವರು ಒರೆಸುವ ಬಟ್ಟೆ ತರಲು ಎದ್ದು ಹೋದರು.

ಠಾಣೆ ಊರಿನಲ್ಲಿ ಮಕ್ಕಳ ನರರೋಗದ ಡಾಕ್ಟರೊಬ್ಬರಿದ್ದಾರೆಂದು ನನ್ನ ಆಫೀಸಿನವರು ಹೇಳಿದರು. ನಾನು ರಬಾಳೆಯ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು, ಠಾಣೆಯಲ್ಲೇ ರೈಲು ಬದಲಿಸುವುದು. ರಜೆ ಹಾಕಿ ಕರೆದುಕೊಂಡು ಹೋದೆ. ಅವಳ ತಲೆಯ ತುಂಬ ತಂತಿ ಅಂಟಿಸಿ, ಕೈಗೆ ಒಂದು ಕಾಗದದ ಗಿರಗಿಟ್ಲೆ ಕೊಟ್ಟು, ಬಿಡದೆ ಊದಲು ಹೇಳಿದರು. ಗಿರಗಿಟ್ಲೆ ಭರ್ರನೆ ತಿರುಗುತ್ತಿತ್ತು. ಇದ್ದಕ್ಕಿದ್ದಂತೆ ಊದುವುದು ನಿಂತಿತು. ಗಿರಗಿಟ್ಲೆಯೂ ನಿಂತಿತು. ಪರದೆಯ ಮೇಲಿನ ಗೆರೆಗಳು ಮಾತ್ರ ಎದ್ದೆದ್ದು ಬಿದ್ದವು. ಮತ್ತೆ ಅವಳು ಊದತೊಡಗಿದಳು, ತಾನು ನಿಲ್ಲಿಸಿದ್ದೇ ಗೊತ್ತಿಲ್ಲದವಳ ಹಾಗೆ.

ಡಾಕ್ಟರಮ್ಮ ತಿಳಿಯುವ ಹಾಗೆ ಹೇಳಿದರು. ಇದೂ ಒಂದು ಬಗೆಯ ಫಿಟ್ಸ್, ಆಬ್ಸೆನ್ಸ್ ಸೀಜರ್. ಬೀಳುವುದಿಲ್ಲ, ನಡುಗುವುದಿಲ್ಲ, ಆ ಕೆಲವು ಕ್ಷಣ ಮಗು ಅಲ್ಲಿ ಇರುವುದಿಲ್ಲ, ಅಷ್ಟೆ. ದಿನಕ್ಕೆ ಎಷ್ಟೋ ಸಲ ಹೀಗಾಗುತ್ತಿರಬಹುದು. ಅದಕ್ಕೆಂದೇ ಇಥೋಸಕ್ಸಿಮೈಡ್ ಎಂಬ ಸಿರಪ್ ಬರೆದುಕೊಟ್ಟರು, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಸಣ್ಣ ಅಳತೆಯಿಂದ ಸುರು ಮಾಡಿ ತಾನು ಹೇಳಿದ ಹಾಗೆ ಮೇಲೇರಿಸಬೇಕು, ಬಾಟಲಿಯ ಜೊತೆ ಬರುವ ಅಳತೆಯಲ್ಲೇ ಕೊಡಬೇಕು, ಚೆನ್ನಾಗಿದ್ದಾಳೆಂದು ಒಮ್ಮೆಲೇ ನಿಲ್ಲಿಸಲೇಬಾರದು ಎಂದು ಒತ್ತಿ ಹೇಳಿದರು. ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಕಾರಣವಿಲ್ಲದ ನೀಲಿ ಕಲೆ ಏನು ಕಂಡರೂ ಕಾಯದೆ ಬರಬೇಕಂತೆ. ಆಗಾಗ ರಕ್ತ ಪರೀಕ್ಷೆ. ಸ್ವಭಾವ ಬದಲಾಗಿ ತೀರಾ ಮಂಕಾದರೂ ಹೇಳಬೇಕು. ಈಜು ಸದ್ಯಕ್ಕೆ ಬೇಡ, ರಸ್ತೆಯಲ್ಲಿ ಸೈಕಲ್ ಬೇಡ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಒಬ್ಬಳೇ ನಿಲ್ಲುವುದು ಬೇಡ.

ಈಜು ಬೇಡ ಎಂದದ್ದು ಮಗಳಿಗೆ ಅರ್ಥವಾಯಿತು, ಉಳಿದದ್ದು ಅವಳಿಗೆ ಬೇಕಿರಲಿಲ್ಲ. ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದರೆ ಗಂಡನದು ಇನ್ನೊಂದು ರಾಗ. "ಬೀಳ್ಲಿಲ್ಲ, ನೊರೆ ಬರ್ಲಿಲ್ಲ, ಇದೆಂತ ಫಿಟ್ಸ್ ಮಾರಾಯ್ತಿ? ಸುಮ್ಮನೆ ಉಷ್ಣ ಆಗಿರ್ಬೇಕು. ಎಳನೀರು ಕೊಡು." ನಮ್ಮ ಕಡೆ ತಲೆನೋವಿನಿಂದ ಹಿಡಿದು ಪರೀಕ್ಷೆಯಲ್ಲಿ ಮಾರ್ಕು ಕಮ್ಮಿಯಾಗುವವರೆಗೆ ಎಲ್ಲಕ್ಕೂ ಉಷ್ಣವೇ ಕಾರಣ. ನಾನು ಬಾಟಲಿಯನ್ನು ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲಿ ಇಟ್ಟು, ಅದರ ಮೇಲೆ ಅಳತೆಯ ಕಪ್ಪು ಬೋರಲು ಹಾಕಿ, ಇದನ್ನು ಯಾರೂ ಮುಟ್ಟಬಾರದು ಎಂದೆ.

ಮುಟ್ಟದೆ ಆಗುವುದಾದರೂ ಹೇಗೆ? ನಾನು ಬೆಳಕು ಹರಿಯುವಾಗಲೇ ಲೋಕಲ್ ಹಿಡಿಯಬೇಕು. ಮಗಳ ಶಾಲೆ ಮಧ್ಯಾಹ್ನದ್ದು, ಅವಳು ಏಳುವ ಹೊತ್ತಿಗೆ ನಾನು ದಿವಾ ಸ್ಟೇಷನ್ನು ದಾಟಿರುತ್ತೇನೆ. ಅತ್ತೆಗೆ ಕಣ್ಣಿಗೆ ಪೊರೆ, ಅಳತೆಯ ಕಪ್ಪಿನ ಗೆರೆ ಕಾಣುವುದಿಲ್ಲ. ಹಾಗಾಗಿ ಬೆಳಗಿನ ಮದ್ದು ಗಂಡನ ಪಾಲಿಗೆ ಬಂತು. ಅವರದು ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ವೆಜ್ ಹೋಟೆಲು. ಬೆಳಗಿನ ಇಡ್ಲಿ-ವಡೆಯ ಗಲಾಟೆ ಮುಗಿಸಿ ಸ್ನಾನಕ್ಕೆ ಮನೆಗೆ ಬರುತ್ತಾರೆ, ಆಗ ಮಗಳಿಗೆ ತಿಂಡಿ ಕೊಟ್ಟು ಮದ್ದು ಕೊಡುವುದು. ಸಂಜೆಯದು ನನ್ನದು.

ಮೊದಲ ಕೆಲವು ವಾರ ಮಗಳು ಹೊಟ್ಟೆನೋವು ಎಂದಳು. ಒಮ್ಮೊಮ್ಮೆ ಬಿಕ್ಕಳಿಕೆ ಹಿಡಿದರೆ ಬಿಡುತ್ತಿರಲಿಲ್ಲ. ಡಾಕ್ಟರು ಮೊದಲೇ ಹೇಳಿದ್ದರು, ಊಟದ ಜೊತೆ ಕೊಟ್ಟರೆ ತಡೆಯುತ್ತದೆ ಎಂದು. ತಡೆಯಿತು ಕೂಡ. ಆದರೆ ಆ ಶೂನ್ಯ ನೋಟ ಪೂರ್ತಿ ಹೋಗಲಿಲ್ಲ. ಒಂದು ವಾರ ಏನೂ ಇಲ್ಲ, ಹಬ್ಬ ಮಾಡೋಣ ಅನ್ನಿಸುವಷ್ಟರಲ್ಲಿ ಮತ್ತೆ ಶುರು. ಶಾಲೆಯಿಂದ ಟೀಚರು ಫೋನು ಮಾಡುವರು. ನಾನು ರೈಲಿನಲ್ಲಿ ಜನರ ಮೊಣಕೈಗಳ ನಡುವೆ ಸಿಕ್ಕಿಕೊಂಡು ಅದನ್ನು ಕೇಳಿಸಿಕೊಳ್ಳುವೆ. ಡಾಕ್ಟರು ಅಳತೆ ಏರಿಸಿದರು, ಇನ್ನೊಮ್ಮೆ ಏರಿಸಿದರು. ಏನೂ ಗಿಟ್ಟಲಿಲ್ಲ.

ಮನೆಯಲ್ಲಿ ನನ್ನದು ಒಂದೇ ಕೆಲಸವಾಯಿತು. ಹುಡುಗಿ ಸ್ವಲ್ಪ ಸುಮ್ಮನಾದರೆ ಸಾಕು, "ಮಗಾ" ಎಂದು ಕೂಗುವುದು. ಅವಳು "ಹಾಂ" ಎಂದರೆ ಉಸಿರು ಬಿಡುವುದು. ಓದುವಾಗ, ಜಡೆ ಹಾಕಿಕೊಳ್ಳುವಾಗ, ಬಚ್ಚಲ ಬಾಗಿಲು ಹಾಕಿಕೊಂಡಾಗ, ಎಲ್ಲ ಹೊತ್ತಿನಲ್ಲೂ.

ಇದರ ನಡುವೆ ಒಂದು ಸಲ ಅಂಗಡಿಯಲ್ಲಿ ಆ ಸಿರಪ್ಪೇ ಸಿಗಲಿಲ್ಲ. ನಮ್ಮ ರಸ್ತೆಯ ಮೆಡಿಕಲ್‌ನವನು ಬೇರೊಂದು ಮಾತ್ರೆಯ ಪಟ್ಟಿ ಕೌಂಟರಿನ ಮೇಲೆ ಇಟ್ಟು, "ಯೇ ಭೀ ಫಿಟ್ಸ್ ಕಾ ಹೀ ಹೈ ಭಾಭೀ, ಸೇಮ್ ಟು ಸೇಮ್," ಎಂದ. ನಾನು ಅಲ್ಲೇ ನಿಂತು ಡಾಕ್ಟರಿಗೆ ಫೋನು ಹಚ್ಚಿದೆ. ಅವರು ಹೆಸರು ಕೇಳಿದವರೇ, ಬೇಡವೇ ಬೇಡ, ಫಿಟ್ಸಿನ ಮದ್ದೆಲ್ಲ ಒಂದೇ ಅಲ್ಲ, ಕೆಲವು ಈ ನಮೂನೆಯ ಫಿಟ್ಸನ್ನು ಇನ್ನೂ ಹೆಚ್ಚು ಮಾಡುತ್ತವೆ ಎಂದರು. ಸಂಜೆಯ ಮದ್ದಿನ ಹೊತ್ತಾಗುತ್ತಿತ್ತು, ಬಾಟಲಿಯ ತಳದಲ್ಲಿ ಅಂದಿಗೆ ಮಾತ್ರ ಇತ್ತು. ಗಂಡ ಆಗ ಗಲ್ಲೆಯಿಂದ ಎದ್ದು ನಮ್ಮ ಕಡೆಯ ಹೋಟೆಲಿನವರಿಗೆಲ್ಲ ಫೋನು ಮಾಡಿದರು. ಕಲ್ಯಾಣದವರು ಇಲ್ಲ ಎಂದರು, ಐರೋಲಿಯವರು ಇಲ್ಲ ಎಂದರು, ಕೊನೆಗೆ ಅಂಬರನಾಥದಲ್ಲಿ ಹೋಟೆಲು ಇಟ್ಟಿದ್ದ ಊರಿನವರೊಬ್ಬರು ಅದೇ ಸಿರಪ್ ಹುಡುಕಿ ಕಳಿಸಿಕೊಟ್ಟರು. ನಾನು ಗಂಡನನ್ನು ಮನಸಾರೆ ಹೊಗಳಿದ ದಿನ ಅದು. ಹೊಗಳಿಕೆ ಬೇಗ ಖರ್ಚಾಯಿತು.

ಮಳೆಗಾಲ ಸುರುವಾದ ಮೇಲೆ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. ಇಷ್ಟು ಅಳತೆಯಲ್ಲೂ ನಿಲ್ಲುತ್ತಿಲ್ಲವೆಂದರೆ ಮುಂದಿನ ಸಲ ಮದ್ದು ಬದಲಿಸಬೇಕಾಗಬಹುದು. ಇನ್ನೊಂದು ಮದ್ದಿದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬೆಳೆಯುವ ಹೆಣ್ಣುಮಕ್ಕಳಿಗೆ ಅದನ್ನು ಕೊಡಲು ತನಗೆ ಮನಸ್ಸಿಲ್ಲ, ಮುಂದೆ ತಾಯಿಯಾಗುವ ಕಾಲಕ್ಕೆ ಹೊಟ್ಟೆಯ ಕೂಸಿಗೆ ಅದರಿಂದ ಕೇಡಾಗಬಹುದು, ಅದಕ್ಕೇ ಇಷ್ಟು ದಿನ ಕಾದೆ ಎಂದರು. ಆ ದಿನ ವಾಪಸು ಬರುವಾಗ ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಮದ್ದಿನ ಮೇಲೆ, ಮಳೆಯ ಮೇಲೆ, ಸೀಟು ಬಿಡದ ಹೆಂಗಸಿನ ಮೇಲೆ. ಇನ್ನೂ ಹನ್ನೊಂದು ತುಂಬದ ಹುಡುಗಿಯ ಬಸಿರಿನ ಬಗ್ಗೆ ನಾನು ಈಗಲೇ ಯೋಚಿಸಬೇಕಾಗಿತ್ತು.

ಮುಂದಿನ ಭೇಟಿಗೆ ನಾಲ್ಕೈದು ದಿನ ಇರುವಾಗ ಒಂದು ಬೆಳಿಗ್ಗೆ ಠಾಕುರ್ಲಿಯ ಹತ್ತಿರ ತಂತಿ ಕಡಿದು ರೈಲೆಲ್ಲ ನಿಂತವು. ಪ್ಲಾಟ್‌ಫಾರ್ಮಿನಲ್ಲಿ ಕಾದು ಕಾದು ಸಾಕಾಗಿ ಆಫೀಸಿಗೆ ಫೋನು ಮಾಡಿ ಮನೆಗೆ ಮರಳಿದೆ. ಬಾಗಿಲು ತೆರೆದೇ ಇತ್ತು. ಮಗಳು ಉಪ್ಪಿಟ್ಟು ತಿನ್ನುತ್ತಿದ್ದಳು. ಗಂಡ ಶೆಲ್ಫಿನ ಮುಂದೆ ನಿಂತು ಬಾಟಲಿಯಿಂದ ನೇರವಾಗಿ ಒಂದು ಸ್ಟೀಲಿನ ಬಟ್ಟಲಿಗೆ ಮದ್ದು ಸುರಿದರು. ಬಟ್ಟಲನ್ನು ಒಮ್ಮೆ ವಾಲಿಸಿ ನೋಡಿದರು. ಇನ್ನೊಂದು ಹನಿ ಸೇರಿಸಿದರು. ಅಳತೆಯ ಕಪ್ಪು ಪಕ್ಕದಲ್ಲೇ ಬೋರಲಾಗಿ ಬಿದ್ದಿತ್ತು.

"ಎಂತ ಮಾಡ್ತಿದ್ದೀರಿ?" ಎಂದೆ.

"ಮದ್ದು ಕೊಡ್ತಿದ್ದೇನೆ, ಮತ್ತೆಂತ?"

"ಕಪ್ಪಿನಲ್ಲಿ ಯಾಕೆ ಅಳೆಯುದಿಲ್ಲ?"

"ಅದ್ರಲ್ಲಿ ಗೆರೆಯೇ ಸರಿ ಕಾಣುದಿಲ್ಲ. ನಂಗೆ ಅಂದಾಜು ಉಂಟು." ಅವರಿಗೆ ನಿಜವಾಗಿಯೂ ನನ್ನ ಪ್ರಶ್ನೆ ಅರ್ಥವಾಗಿರಲಿಲ್ಲ. "ನಿನ್ನೆ ಹೊಟ್ಟೆನೋವು ಅಂದಿದ್ಲು, ಅದಕ್ಕೆ ಇವತ್ತು ಸ್ವಲ್ಪ ಕಮ್ಮಿ ಮಾಡಿದೆ. ಮೊನ್ನೆ ಎರಡು ಸಲ ಹಾಗೇ ನೋಡ್ತಾ ನಿಂತ್ಲಲ್ಲ, ಅವತ್ತು ಸ್ವಲ್ಪ ಜಾಸ್ತಿ ಹಾಕಿದ್ದೆ. ನೋಡಿಕೊಂಡು ಕೊಡ್ಬೇಕಲ್ಲ, ಉಷ್ಣದ ಮದ್ದು ಅದು."

ನೋಡಿಕೊಂಡು ಕೊಡುವುದು. ನನ್ನ ಗಂಡನ ಇಡೀ ಬಾಳು ನಡೆದದ್ದೇ ಹಾಗೆ. ಅವರ ಅಡುಗೆಮನೆಯಲ್ಲಿ ಉಪ್ಪಿಗೆ ತಕ್ಕಡಿ ಇಲ್ಲ, ಸಾಂಬಾರಿಗೆ ಬೆಲ್ಲ ಎಷ್ಟೆಂದು ಯಾರೂ ಬರೆದಿಟ್ಟಿಲ್ಲ. ಅಂಗೈ ಮೇಲೆ ಒಂದು ತೊಟ್ಟು ಹಾಕಿ ನೆಕ್ಕಿ ನೋಡುತ್ತಾರೆ, ನಿನ್ನೆ ಹುಳಿ ಹೆಚ್ಚಾಯಿತೆಂದು ಗಿರಾಕಿ ಹೇಳಿದರೆ ಇಂದು ಕಮ್ಮಿ, ಮಳೆ ಬಂದರೆ ಮೆಣಸು ಒಂದು ಹಿಡಿ ಜಾಸ್ತಿ. ಅವರ ಕೈ ತಪ್ಪಿದ್ದನ್ನು ನಾನು ಕಂಡಿಲ್ಲ. ಆ ಕೈಗುಣಕ್ಕೆ ಸ್ಟೇಷನ್ನಿನ ಜನ ಸಾಲು ನಿಲ್ಲುತ್ತಾರೆ. ಅದೇ ಕೈಗುಣವನ್ನು ತಂದು ಮಗಳ ತಲೆಯ ಮೇಲೆ ಪ್ರಯೋಗ ಮಾಡಿದ್ದರು, ಅದೂ ಪ್ರೀತಿಯಿಂದ. ಬೈಯಲು ಇವರಿಗಿಂತ ಕಷ್ಟದ ಮನುಷ್ಯ ಇನ್ನೊಬ್ಬನಿಲ್ಲ. ಆದರೂ ಬೈದೆ.

"ಅದು ಸಾಂಬಾರಲ್ಲ," ಎಂದೆ. "ಡಾಕ್ಟ್ರು ಏರಿಸಿ ಏರಿಸಿ ಸಾಕಾದ್ರು. ಈಗ ಮದ್ದೇ ಬದಲಿಸ್ತೇನೆ ಅಂತಿದ್ದಾರೆ. ನೀವಿಲ್ಲಿ ಇಳಿಸಿ ಏರಿಸಿ ಆಟ ಆಡ್ತಿದ್ದೀರಿ. ಜಾಸ್ತಿ ಆಗಿ ಅವಳಿಗೆ ಏನಾದ್ರೂ ಆಗಿದ್ರೆ?"

ಅವರು ಬಟ್ಟಲು ಹಿಡಿದುಕೊಂಡೇ ನಿಂತಿದ್ದರು. ಅತ್ತೆ ಒಳಗಿನಿಂದ, "ಅವ ಎಂತ ವಿಷ ಕೊಟ್ನಾ?" ಎಂದರು. ಮಗಳು ಉಪ್ಪಿಟ್ಟು ಬಿಟ್ಟು ಎದ್ದಳು. ನಾನು ಬಟ್ಟಲಿನದನ್ನು ಕಪ್ಪಿಗೆ ಸುರಿದು ನೋಡಿದೆ. ಹೇಳಿದ ಗೆರೆಗಿಂತ ತುಂಬ ಕೆಳಗಿತ್ತು. ಉಳಿದದ್ದನ್ನು ತುಂಬಿಸಿ ಅವಳಿಗೆ ಕುಡಿಸಿದೆ.

ಅದಕ್ಕಿಂತ ದೊಡ್ಡ ಜಗಳ ಆದದ್ದು ಡಾಕ್ಟರಿಗೆ ಹೇಳುವ ವಿಷಯದಲ್ಲಿ. ಇನ್ನು ಮುಂದೆ ಅಳೆದು ಕೊಟ್ಟರಾಯಿತಲ್ಲ, ಹೇಳುವುದೇಕೆ ಎಂದು ಅವರ ವಾದ. "ಅಪ್ಪನಿಗೆ ಒಂದು ಚಮಚ ಹಿಡೀಲಿಕ್ಕೆ ಬರುದಿಲ್ಲ ಅಂತ ಹೇಳ್ಬೇಕಾ ಅಲ್ಲಿ?" ಎಂದು ಮುಖ ಊದಿಸಿಕೊಂಡರು. ಹೇಳದಿದ್ದರೆ ಮದ್ದು ಬದಲಾಗುತ್ತದೆ, ಬದಲಾದರೆ ಅವಳ ಮುಂದಿನ ಬದುಕಿಗೆ ತೊಡಕು, ಇಷ್ಟು ಸರಳ ಮಾತು ಆ ಮನುಷ್ಯನ ಮಾನದ ಮುಂದೆ ನಿಲ್ಲಲಿಲ್ಲ. ಆದರೂ ಭೇಟಿಯ ದಿನ ಹೋಟೆಲು ಅಡುಗೆಯವನ ಕೈಗೆ ಬಿಟ್ಟು ನಮ್ಮ ಜೊತೆ ಠಾಣೆಗೆ ಬಂದರು. ಸ್ವಂತ ಬಾಯಿಂದ ಹೇಳುತ್ತಾರೆಂದು ನಾನು ನಂಬಿದೆ.

ಡಾಕ್ಟರು ಪೆನ್ನು ತೆಗೆದುಕೊಂಡು, ಮದ್ದು ಸರಿಯಾಗಿ ಕೊಡುತ್ತಿದ್ದೀರಲ್ಲ ಎಂದು ಹಿಂದಿಯಲ್ಲಿ ಕೇಳಿದರು.

"ಹಾಂ ಮ್ಯಾಡಮ್, ಏಕ್‌ದಮ್ ರೆಗ್ಯುಲರ್," ಎಂದರು ನನ್ನ ಗಂಡ. ಒಂದು ಹೊತ್ತೂ ತಪ್ಪಿಸಿಲ್ಲ, ಅದು ಸುಳ್ಳೂ ಅಲ್ಲ. ನಾನು ಅವರ ಮುಖ ನೋಡಿದೆ, ಅವರು ಗೋಡೆಯ ಮೇಲಿನ ಮಿದುಳಿನ ಚಿತ್ರ ನೋಡುತ್ತಿದ್ದರು. ಪೆನ್ನು ಕಾಗದಕ್ಕೆ ತಗುಲಿತು. ನಾನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ, ಬಟ್ಟಲು, ಅಂದಾಜು, ಉಷ್ಣ, ಏರಿಸಿದ್ದು, ಇಳಿಸಿದ್ದು. ಗಂಡನ ಕಿವಿ ಕೆಂಪಾಯಿತು. ಆಗ ಮಗಳು ನಡುವೆ ಬಾಯಿ ಹಾಕಿ, ಹೊಟ್ಟೆನೋವು ಎಂದು ತಾನೇ ಪಪ್ಪನಿಗೆ ಹೇಳುತ್ತಿದ್ದೆ, ಅದಕ್ಕೇ ಅವರು ಕಮ್ಮಿ ಹಾಕುತ್ತಿದ್ದರು, ಅವರನ್ನು ಬೈಯಬೇಡಿ ಎಂದಳು.

ಡಾಕ್ಟರು ಬೈಯಲಿಲ್ಲ. ಪೆನ್ನು ಕೆಳಗಿಟ್ಟರು. ಹಾಗಾದರೆ ಈ ಮದ್ದು ಸೋತಿಲ್ಲ, ಅದಕ್ಕಿನ್ನೂ ಸರಿಯಾದ ಅವಕಾಶವೇ ಸಿಕ್ಕಿಲ್ಲ ಎಂದರು. ಸದ್ಯ ಬೇರೆ ಮದ್ದು ಬೇಡ. ತಾನು ಏರಿಸಿದ್ದು ತಪ್ಪು ಲೆಕ್ಕದ ಮೇಲೆ, ಆದ್ದರಿಂದ ಈಗ ಒಂದು ಹೆಜ್ಜೆ ಹಿಂದೆ ಹೋಗಿ ಅಲ್ಲಿಂದ ನೋಡೋಣ ಎಂದು ಹೊಸ ಅಳತೆ ಬರೆದರು. ಸೂಜಿಯಿಲ್ಲದ ಒಂದು ಪ್ಲಾಸ್ಟಿಕ್ ಸಿರಿಂಜು ಕೊಟ್ಟು, ಎಲ್ಲಿಯವರೆಗೆ ಎಳೆಯಬೇಕೋ ಅಲ್ಲಿ ಕಪ್ಪು ಗೆರೆ ಎಳೆದು ನನ್ನ ಗಂಡನ ಕೈಗೇ ಕೊಟ್ಟರು. ಹೊಟ್ಟೆನೋವಾದರೆ ತನಗೆ ಫೋನು ಮಾಡಿ, ಕಮ್ಮಿ ಮಾಡುವುದೋ ಹೊತ್ತು ಬದಲಿಸುವುದೋ ತಾನು ಹೇಳುತ್ತೇನೆ, ನಿಮ್ಮಷ್ಟಕ್ಕೆ ಒಂದು ಹನಿಯೂ ಆಚೀಚೆ ಮಾಡಬೇಡಿ ಎಂದರು. ಗಂಡ ತಲೆಯಾಡಿಸಿದರು. ಕೆಳಗಿಳಿದ ಮೇಲೆ ರಿಕ್ಷಾದಲ್ಲಿ ನನ್ನ ಕಡೆ ತಿರುಗದೆ, "ಮನೆಯ ಮಾತು ಹೊರಗೆ ಹಾಕಿಯೇ ಬಿಟ್ಟೆ," ಎಂದರು. ಕ್ಷಮಿಸಿ ಎನ್ನುವ ಮನಸ್ಸು ನನಗಿರಲಿಲ್ಲ, ಇವತ್ತಿಗೂ ಇಲ್ಲ.

ಮರುದಿನದಿಂದ ಸಿರಿಂಜು ಅವರ ಆಸ್ತಿಯಾಯಿತು. ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಗುಳ್ಳೆ ಕಂಡರೆ ಮತ್ತೆ ಎಳೆಯುವರು. ಸಂಜೆ ನಾನು ಕೊಡುವಾಗ ಹೋಟೆಲಿನಿಂದ ಫೋನು ಮಾಡಿ, "ಗೆರೆಗೆ ಸರಿಯಾಗಿ ಎಳೆದಿಯಾ?" ಎಂದು ನನ್ನನ್ನೇ ವಿಚಾರಿಸುವರು. ಗಲ್ಲೆಯಲ್ಲಿ ಕೂತು ಗಿರಾಕಿಗಳಿಗೆ, ಮಕ್ಕಳ ಮದ್ದನ್ನು ಚಮಚದಲ್ಲಿ ಕೊಡಲೇಬಾರದು ಗೊತ್ತುಂಟಾ ಎಂದು ಉಪದೇಶ ಬೇರೆ. ನನಗೆ ನಗುವೂ ಬರುತ್ತಿತ್ತು, ಆ ಸಿರಿಂಜನ್ನೇ ಕಿತ್ತು ಹೊರಗೆ ಎಸೆಯುವಷ್ಟು ಕೋಪವೂ ಬರುತ್ತಿತ್ತು.

ಆದರೆ ಮದ್ದು ಹಿಡಿಯಿತು. ಮೊದಲು ಶಾಲೆಯ ಫೋನು ನಿಂತಿತು. ಮಾತು ನಡುವೆ ತುಂಡಾಗುವುದು ನಿಂತಿತು. ದೀಪಾವಳಿ ಕಳೆದ ಮೇಲೆ ಮತ್ತೆ ತಲೆಗೆ ತಂತಿ ಅಂಟಿಸಿ ಊದಿಸಿದರು, ಅವಳು ಕೊನೆಯವರೆಗೆ ಬಿಡದೆ ಊದಿದಳು. ಡಾಕ್ಟರು ಗೆರೆಗಳನ್ನು ತೋರಿಸಿ, ಚೆನ್ನಾಗಿದೆ, ಆದರೆ ಮದ್ದು ಹೀಗೇ ನಡೆಯಲಿ, ವರ್ಷಗಟ್ಟಲೆ ಹೀಗೇ ಇದ್ದರೆ ಆಮೇಲೆ ಮೆಲ್ಲಮೆಲ್ಲಗೆ ಇಳಿಸುವ ಮಾತು, ಅದೂ ತಾನು ಹೇಳಿದಾಗ ಎಂದರು. ಯಾರಾದರೂ ಕಣ್ಣಿಟ್ಟು ನೋಡುತ್ತಿದ್ದರೆ ಈಜಿಗೆ ಹೋಗಬಹುದು ಎಂದೂ ಹೇಳಿದರು. ಹುಡುಗಿ ಕುರ್ಚಿಯಲ್ಲೇ ಕುಣಿದಳು.

ವಾಪಸು ಬರುವಾಗ ನಾವಿಬ್ಬರೇ. ಮಧ್ಯಾಹ್ನದ ಸ್ಲೋ ಲೋಕಲ್, ಹೆಂಗಸರ ಡಬ್ಬಿಯಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಕಳವಾ ಸ್ಟೇಷನ್ನಿನವರೆಗೆ ಈಜಿನ ವಿಷಯ ವಟಗುಟ್ಟಿದಳು. ಮುಂಬ್ರಾ ದಾಟುವಾಗ ಖಾಡಿಯ ಹಿನ್ನೀರು ಕಂಡಿತು, ದಡದ ಕೆಸರಿನಲ್ಲಿ ಕೊಕ್ಕರೆಗಳು ನಿಂತಿದ್ದವು. ಅವಳು ಹಣೆಯನ್ನು ಸರಳಿಗೆ ಆನಿಸಿ ಸುಮ್ಮನಾದಳು. ಒಂದು ಕ್ಷಣ ಆಯಿತು, ಇನ್ನೊಂದು ಕ್ಷಣ ಆಯಿತು.

"ಮಗಾ," ಎಂದೆ. ಉತ್ತರವಿಲ್ಲ. "ಮಗಾ!" ಎಂದು ಭುಜ ಹಿಡಿದು ಅಲ್ಲಾಡಿಸಿದೆ. ಎದುರಿನ ಹೆಂಗಸು ತಲೆಯೆತ್ತಿ ನೋಡಿದಳು.

ಮಗಳು ನಿಧಾನಕ್ಕೆ ತಿರುಗಿದಳು. ಕಣ್ಣಲ್ಲಿ ಏನೂ ಮಂಜಿರಲಿಲ್ಲ, ನೀರು ತುಂಬಿತ್ತು. ಅವಳು ತನ್ನ ಹಿಂದಿಯಲ್ಲಿ ಹೇಳಿದ್ದು ಇಷ್ಟೆ: ನಾನು ಇಲ್ಲೇ ಇದ್ದೇನೆ ಅಮ್ಮ, ಹಕ್ಕಿ ನೋಡುತ್ತಿದ್ದೆ. ನನಗೆ ಸುಮ್ಮನೆ ನೋಡುತ್ತ ಕೂರಲೂ ಬಿಡುವುದಿಲ್ಲವಾ ನೀನು?

ನಾನು ಕೈ ತೆಗೆದೆ. ಫಿಟ್ಸು ಅವಳ ಹೊತ್ತನ್ನು ಕಿತ್ತುಕೊಳ್ಳುವುದನ್ನು ಬಿಟ್ಟಿತ್ತು, ನಾನು ಬಿಟ್ಟಿರಲಿಲ್ಲ. ಅಷ್ಟರಲ್ಲಿ ಖಾಡಿ ಹಿಂದೆ ಸರಿದಿತ್ತು. ದಿವಾ ಬರುವವರೆಗೆ ಅವಳು ಕಿಟಕಿಯ ಕಡೆ ತಿರುಗಲಿಲ್ಲ.